ಕಡಲಿನ ಉಬ್ಬರ-ಇಳಿತದಿಂದ ಕರೆಂಟ್ ತೆಗೆದರೆ ಗಿಟ್ಟುತ್ತದೆಯೇ?

ಇಷ್ಟುದ್ದದ ಕರಾವಳಿ ಇದ್ದೂ ನಾವೇಕೆ ಉಬ್ಬರ-ಇಳಿತದಿಂದ ಕರೆಂಟ್ ತೆಗೆಯುತ್ತಿಲ್ಲ, ಅದು ಗಿಟ್ಟುವುದಿಲ್ಲವೇ ಎಂದು ಕೇಳಿದ್ದೀರಿ. ಕೆಲವು ಕಡೆ ಗಿಟ್ಟುತ್ತದೆ, ಮಂಗಳೂರು-ಕಾರವಾರದ ಕಡೆ ಗಿಟ್ಟುವುದಿಲ್ಲ. ವಿದ್ಯುತ್ ಯೋಜನೆಗಳ ಸಾಲದ ಲೆಕ್ಕ ನೋಡುವುದೇ ನನ್ನ ಕೆಲಸವಾದ್ದರಿಂದ ಆ ಕಡೆಯಿಂದಲೇ ಹೇಳುತ್ತೇನೆ.

ಫ್ರಾನ್ಸಿನ ರಾನ್ಸ್ ನದಿಯ ಅಳಿವೆಗೆ ಅಡ್ಡಲಾಗಿ ಕಟ್ಟಿದ 240 ಮೆಗಾವ್ಯಾಟ್ ಸ್ಥಾವರ 1966ರಿಂದ ನಡೆಯುತ್ತಿದೆ. ವರ್ಷಕ್ಕೆ ಸುಮಾರು 50 ಕೋಟಿ ಯೂನಿಟ್ ಕೊಡುತ್ತದೆ. ಅಲ್ಲಿ ನೀರಿನ ಏರಿಳಿತ ಸರಾಸರಿ 8 ಮೀಟರ್. ಮಂಗಳೂರಿನಲ್ಲಿ ಒಂದೂವರೆ ಮೀಟರ್ ಇದ್ದರೆ ಹೆಚ್ಚು. ಕಟ್ಟೆಯೊಳಗೆ ಹಿಡಿದ ನೀರಿನ ಶಕ್ತಿ ಎತ್ತರದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ಎತ್ತರ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಹಾಗಾಗಿ ಅಷ್ಟೇ ವಿಸ್ತಾರದ ನೀರು ಹಿಡಿದರೂ ನಮಗೆ ದಕ್ಕುವುದು ರಾನ್ಸ್‌ನ ಇಪ್ಪತ್ತೆಂಟನೇ ಒಂದು ಪಾಲು!

ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ನೀರು 11 ಮೀಟರಿನವರೆಗೂ ಏರುತ್ತದೆ. ಅಲ್ಲಿ ಅಡ್ಡ ಬರುವುದು ಬಡ್ಡಿ. ಇಂಥ ಕಟ್ಟೆ ನೂರು ವರ್ಷ ಬಾಳಬಹುದು, ಇಂಧನಕ್ಕೆ ಕಾಸಿಲ್ಲ; ಆದರೆ ಖರ್ಚೆಲ್ಲ ಮೊದಲೇ ಸುರಿಯಬೇಕು. ಶೇಕಡಾ 9ರ ಬಡ್ಡಿ ಹಿಡಿದರೆ, ಐವತ್ತು ವರ್ಷದ ನಂತರ ಬರುವ ಒಂದು ರೂಪಾಯಿಗೆ ಇವತ್ತಿನ ಬೆಲೆ ಒಂದೂಕಾಲು ಪೈಸೆಯ ಆಸುಪಾಸು. ಅಂದರೆ ಸಾಲ ಕೊಡುವವನ ಕಣ್ಣಿಗೆ ಮೊಮ್ಮಕ್ಕಳ ಕಾಲದ ಕರೆಂಟ್ ಬೀಳುವುದೇ ಇಲ್ಲ. ಇದು ನನಗೆ ಇವತ್ತಿಗೂ ಬೇಸರದ ಸಂಗತಿ. ರಾನ್ಸ್ ಕಟ್ಟಿದ್ದು ಫ್ರಾನ್ಸಿನ ಸರ್ಕಾರಿ ವಿದ್ಯುತ್ ಸಂಸ್ಥೆ. ಅಷ್ಟು ಕಾಯುವ ತಾಳ್ಮೆ ಸರ್ಕಾರಕ್ಕೆ ಮಾತ್ರ ಇದ್ದೀತು. ನಮ್ಮಲ್ಲಿ ಸುಂದರಬನದ ದುರ್ಗಾದುವಾನಿಯಲ್ಲಿ ಬರೀ 3.75 ಮೆಗಾವ್ಯಾಟಿಗೆ 238 ಕೋಟಿ ರೂಪಾಯಿ ಅಂದಾಜಾಗಿ, ಯೋಜನೆಯನ್ನೇ ಕೈಬಿಟ್ಟರು.

ಲೆಕ್ಕದಲ್ಲಿ ಬಾರದ ನಷ್ಟವೂ ಇದೆ. ರಾನ್ಸ್‌ನಲ್ಲಿ ಕಟ್ಟೆ ಕಟ್ಟುವಾಗ ಅಳಿವೆಯನ್ನು ಕಡಲಿನಿಂದ ಬೇರ್ಪಡಿಸಿದ್ದರು, ಒಳಗಿನ ಜೀವಸಂಕುಲ ಬಹುಪಾಲು ಅಳಿಯಿತು, ಚೇತರಿಸಿಕೊಳ್ಳಲು ವರ್ಷಗಟ್ಟಲೆ ಹಿಡಿಯಿತು. ಅಳಿವೆಯ ಮೀನು-ಮರುವಾಯಿ ನಂಬಿದವರಿಗೆ ಆ ವರ್ಷಗಳ ಅರ್ಥ ಗೊತ್ತು.

ನನಗೆ ಭರವಸೆ ಕೊಡುವುದು ದಕ್ಷಿಣ ಕೊರಿಯಾದ ಸಿಹ್ವಾ. ಅಲ್ಲಿ ಬೇರೆ ಉದ್ದೇಶಕ್ಕೆ ಕಟ್ಟಿದ ಕಡಲಗೋಡೆ ಮೊದಲೇ ಇತ್ತು, ಒಳಗಿನ ನೀರು ಕೊಳೆತು ನಾರುತ್ತಿತ್ತು. 2011ರಲ್ಲಿ ಅದಕ್ಕೆ 254 ಮೆಗಾವ್ಯಾಟಿನ ಟರ್ಬೈನ್‌ಗಳನ್ನು ಕೂರಿಸಿದ ಮೇಲೆ ಕಡಲ ನೀರು ಒಳಹೊರಗೆ ಹರಿದಾಡತೊಡಗಿತು, ಕೆರೆಯೂ ತಿಳಿಯಾಗತೊಡಗಿತು. ಹೀಗೆ ಗೋಡೆ ಮೊದಲೇ ಇದ್ದು, ಐದಾರು ಮೀಟರ್ ಏರಿಳಿತವೂ ಇರುವ ಜಾಗದ ಕಡತ ನನ್ನ ಮೇಜಿಗೆ ಬಂದರೆ ಸಾಲಕ್ಕೆ ಶಿಫಾರಸು ಮಾಡುತ್ತೇನೆ.