ಈ ಸಲ ಗಿಫ್ಟ್ ಬ್ಯಾಗ್ ಹಂಚುವ ಕೆಲಸ ಬೇರೆಯವರಿಗಿರಲಿ

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಸೇಲ್ಸ್‌ನಲ್ಲಿದ್ದೇನೆ, ವಯಸ್ಸು 34. ವರ್ಷಕ್ಕೊಮ್ಮೆ ಗ್ರಾಹಕರಿಗಾಗಿ ಗಾಲ್ಫ್ ಇಟ್ಟುಕೊಳ್ಳುತ್ತಾರೆ. ಗಂಡಸರು ಆಡಲು ಹೋಗುತ್ತಾರೆ, ನಾನು ರಿಜಿಸ್ಟ್ರೇಷನ್ ಮೇಜಿನಲ್ಲಿ ಕೂತು ಬ್ಯಾಗ್ ಹಂಚುತ್ತೇನೆ. ಈ ಸಲ ಮ್ಯಾನೇಜರ್ ‘ನೀವೂ ಆಡಿ’ ಅಂದಿದ್ದಾರೆ. ಆರು ವಾರ ಇದೆ. ನಾನು ಗಾಲ್ಫ್ ಕ್ಲಬ್ (ಚೆಂಡು ಹೊಡೆಯುವ ಕೋಲು) ಹಿಡಿದವಳೇ ಅಲ್ಲ. ಗ್ರಾಹಕರೆದುರು ನಗೆಪಾಟಲಾದರೆ?

ಉತ್ತರ: ಖಂಡಿತ ಒಪ್ಪಿಕೊಳ್ಳಿ. 18 ಹೋಲ್ (ಚೆಂಡು ಹಾಕಬೇಕಾದ ಕುಳಿಗಳು) ಮುಗಿಯಲು ನಾಲ್ಕೈದು ಗಂಟೆ ಬೇಕು. ಅಷ್ಟು ಹೊತ್ತು ಗ್ರಾಹಕರ ಜೊತೆ ನಡೆಯುವ ಅವಕಾಶ ಮೇಜಿನ ಹಿಂದೆ ಕೂತರೆ ಸಿಗುವುದಿಲ್ಲ. ಕೆಟ್ಟ ಹೊಡೆತವನ್ನು ಜೊತೆಯವರು ಬೇಗ ಮರೆಯುತ್ತಾರೆ. ಅವರಿಗೆ ಬೇಸರವಾಗುವುದು ತಡ ಮಾಡಿದಾಗ.

ಮೊದಲು ಆಯೋಜಕರನ್ನು ಕೇಳಿ: ಆಟ ಸ್ಕ್ರ್ಯಾಂಬಲ್ಲೇ? ಹ್ಯಾಂಡಿಕ್ಯಾಪ್ (ಆಟಗಾರರ ಮಟ್ಟ ತೋರಿಸುವ ಅಂಕ) ಸರ್ಟಿಫಿಕೇಟ್ ಬೇಕೇ? ಮೈದಾನ ನಡೆಸುವ ಕೆಲವು ಕ್ಲಬ್‌ಗಳು ಅದಿಲ್ಲದೆ ಆಡಲು ಬಿಡುವುದಿಲ್ಲ. ಸ್ಕ್ರ್ಯಾಂಬಲ್ ಆದರೆ ನಿಶ್ಚಿಂತೆ. ತಂಡದ ನಾಲ್ವರೂ ಹೊಡೆಯುತ್ತಾರೆ, ಅದರಲ್ಲಿ ಚೆನ್ನಾಗಿ ಬಿದ್ದ ಚೆಂಡಿನ ಜಾಗದಿಂದ ಎಲ್ಲರೂ ಮುಂದಿನ ಹೊಡೆತ ಹೊಡೆಯುತ್ತಾರೆ. ನಿಮ್ಮದು ಪೊದೆಗೆ ಹೋದರೆ ತಂಡಕ್ಕೆ ನಷ್ಟವಿಲ್ಲ.

ವಾರಕ್ಕೆ ಎರಡು ದಿನ ಡ್ರೈವಿಂಗ್ ರೇಂಜ್‌ಗೆ (ಹೊಡೆತ ಅಭ್ಯಾಸ ಮಾಡುವ ಜಾಗ) ಹೋಗಿ, ಮೊದಲ ಮೂರ್ನಾಲ್ಕು ಪಾಠ ಕೋಚ್ ಹತ್ತಿರವೇ ಆಗಲಿ. ದಿನಕ್ಕೆ 50 ಚೆಂಡು ಸಾಕು. ದೂರ ಹೊಡೆಯುವ ಉದ್ದನೆಯ ಕ್ಲಬ್ಬಾದ ಡ್ರೈವರ್ ಮುಟ್ಟಬೇಡಿ. 7 ಐರನ್ (ಮಧ್ಯಮ ದೂರಕ್ಕೆ), ಪಿಚಿಂಗ್ ವೆಡ್ಜ್ (ಹತ್ತಿರದ ಎತ್ತರದ ಹೊಡೆತಕ್ಕೆ), ಪಟರ್ (ಚೆಂಡನ್ನು ಕುಳಿಗೆ ಉರುಳಿಸಲು) ಈ ಮೂರು ಕ್ಲಬ್ ಇಷ್ಟೇ ಕಲಿಯಿರಿ. ಸ್ನೇಹಿತರ ಗಂಡಸರ ಸೆಟ್ ಬೇಡ, ಉದ್ದ ಮತ್ತು ತೂಕ ಹೆಚ್ಚು. ಲೇಡೀಸ್ ಸೆಟ್ ಬಾಡಿಗೆಗೆ ಕೇಳಿ.

ಹೊಸಬರ ಚೆಂಡು ಮೇಲೇಳದೆ ನೆಲದ ಮೇಲೇ ಓಡುತ್ತದೆ. ಅದನ್ನು ಎತ್ತಲು ಹೋಗುವುದೇ ಕಾರಣ: ದೇಹದ ಭಾರ ಬಲಗಾಲಿನಲ್ಲೇ ಉಳಿದು ಕ್ಲಬ್ ಚೆಂಡಿನ ನೆತ್ತಿಗೆ ತಾಗುತ್ತದೆ. ಎತ್ತುವ ಕೆಲಸ ಕ್ಲಬ್ಬಿನ ಇಳಿಜಾರು ಮುಖದ್ದು. ಚೆಂಡಿಲ್ಲದೆ ಹತ್ತು ಸಲ ಬೀಸಿ, ಪ್ರತಿ ಸಲವೂ ಒಂದೇ ಜಾಗದ ಹುಲ್ಲು ಸವರುತ್ತಿದೆಯೇ ನೋಡಿ. ಕೊನೆಗೆ ಭಾರ ಎಡಗಾಲಿಗೆ ಬಂದು, ಬಲ ಹಿಮ್ಮಡಿ ಎದ್ದು, ಹೊಟ್ಟೆ ಗುರಿಯ ಕಡೆ ತಿರುಗಿರಬೇಕು. (ಎಡಗೈಯವರಾದರೆ ಎಲ್ಲ ಉಲ್ಟಾ.)

ಅರ್ಧ ಸಮಯ ಪಟಿಂಗ್‌ಗೇ (ಪಟರ್‌ನಿಂದ ಕುಳಿಗೆ ಉರುಳಿಸುವುದಕ್ಕೆ) ಕೊಡಿ, ತಂಡಕ್ಕೆ ನಿಜವಾಗಿ ನೆರವಾಗುವುದು ಅಲ್ಲಿ. ಮೂರಡಿಯಿಂದ 20 ಪಟ್, ಮೂವತ್ತಡಿಯಿಂದ 20 ಪಟ್. ಆಟದ ದಿನ ಮೊದಲು ಪಟ್ ಮಾಡುತ್ತೇನೆ ಅನ್ನಿ, ನಿಮ್ಮ ಚೆಂಡು ಹೇಗೆ ತಿರುಗಿತು ಎಂದು ನೋಡಿ ಉಳಿದವರು ಹೊಡೆಯುತ್ತಾರೆ. ಯಾರದೇ ಚೆಂಡು ಮತ್ತು ಕುಳಿಯ ನಡುವಿನ ದಾರಿಯನ್ನು ತುಳಿಯಬೇಡಿ.

ಕಾಲರ್ ಇರುವ ಟೀ ಶರ್ಟ್, ಜೀನ್ಸ್ ಅಲ್ಲದ ಪ್ಯಾಂಟ್, ಎಡಗೈಗೆ ಗ್ಲೌಸ್, ಟೋಪಿ, ನೀರು. ಚೆಂಡು ಹುಡುಕಲು ನಿಯಮದಲ್ಲಿರುವುದೇ ಮೂರು ನಿಮಿಷ, ಜೇಬಿನಲ್ಲಿ ಇನ್ನೆರಡು ಚೆಂಡು ಇರಲಿ. ಕ್ಯಾಡಿಗೆ (ಬ್ಯಾಗ್ ಹೊತ್ತು ಜೊತೆಗೆ ಬರುವ ಸಹಾಯಕ) ‘ಅಣ್ಣ, ನಾನು ಹೊಸಬಳು’ ಅಂತ ಶುರುವಿನಲ್ಲೇ ಹೇಳಿಬಿಡಿ, ಎಲ್ಲಿ ನಿಲ್ಲಬೇಕೆಂದು ಅವರೇ ತೋರಿಸುತ್ತಾರೆ. ಕೇಳದೆಯೇ ಸ್ವಿಂಗ್ ಪಾಠ ಹೇಳುವವರು ಸಿಗುತ್ತಾರೆ. ‘ಥ್ಯಾಂಕ್ಸ್ ಸರ್, ಕೋಚ್ ಹೇಳಿದ್ದನ್ನಷ್ಟೇ ಮಾಡ್ತಿದ್ದೀನಿ’ ಅಂದರಾಯಿತು.

ರಿಜಿಸ್ಟ್ರೇಷನ್ ಮೇಜಿಗೆ ಬೇರೆಯವರ ಹೆಸರನ್ನು ಈ ವಾರವೇ ಹಾಕಿಸಿ. ಶಾಟ್‌ಗನ್ ಸ್ಟಾರ್ಟ್ ಇದ್ದರೆ ಎಲ್ಲ ತಂಡಗಳೂ ಒಂದೇ ಹೊತ್ತಿಗೆ ಬೇರೆ ಬೇರೆ ಹೋಲ್‌ನಿಂದ ಶುರು ಮಾಡುತ್ತವೆ. ಬ್ಯಾಗ್ ಹಂಚುತ್ತಾ ನಿಂತರೆ ನಿಮ್ಮ ತಂಡ ಹೊರಟುಹೋಗಿರುತ್ತದೆ.