ಈವನ್‌ಸಾಂಗ್ ಕೇಳುವಾಗ ಕಿವಿ ಎಲ್ಲಿರಬೇಕು?

"ನವೆಂಬರಿನಲ್ಲಿ ಮಗಳನ್ನು ನೋಡಲು ಕೇಂಬ್ರಿಜ್‌ಗೆ ಹೋಗ್ತಿದ್ದೇವೆ. ನಾವು ಕ್ರೈಸ್ತರಲ್ಲ, ಕರ್ನಾಟಕ ಸಂಗೀತ ಬಿಟ್ಟು ಬೇರೆ ಗೊತ್ತಿಲ್ಲ. ಕಿಂಗ್ಸ್ ಕಾಲೇಜಿನ ಚಾಪೆಲ್‌ನಲ್ಲಿ ಈವನ್‌ಸಾಂಗ್‌ಗೆ ಹೋಗಬಹುದಾ? ಅಲ್ಲಿ ಏನನ್ನು ಕೇಳಬೇಕು?" ಎಂದಿದ್ದೀರಿ.

ಧಾರಾಳವಾಗಿ ಹೋಗಿ. ಈವನ್‌ಸಾಂಗ್ ಕಛೇರಿಯಲ್ಲ, ಆಂಗ್ಲಿಕನ್ ಚರ್ಚಿನವರು ಹಾಡಿನೊಂದಿಗೆ ನಡೆಸುವ ಸಂಜೆಯ ಪ್ರಾರ್ಥನೆ. ದುಡ್ಡು ಕೊಡಬೇಕಿಲ್ಲ, ನಿಮ್ಮ ಧರ್ಮ ಯಾವುದೆಂದು ಯಾರೂ ವಿಚಾರಿಸುವುದಿಲ್ಲ. ನವೆಂಬರ್ ಆಗಿದ್ದು ಒಳ್ಳೆಯದೇ ಆಯಿತು. ಕ್ವಾಯರ್, ಅಂದರೆ ಅಲ್ಲಿನ ಗಾಯಕವೃಂದ, ಮುಖ್ಯವಾಗಿ ಹಾಡುವುದು ಕಾಲೇಜಿನ ಟರ್ಮ್ ನಡೆಯುವಾಗ. ಬೇಸಿಗೆ ರಜೆಯಲ್ಲಿ ಹೋದವರಿಗೆ ಹೆಚ್ಚಿನ ದಿನ ಕಲ್ಲಿನ ಚಾವಣಿ ನೋಡುವ ಭಾಗ್ಯ ಮಾತ್ರ. ವಾರದ ದಿನಗಳಲ್ಲಿ ಸಾಮಾನ್ಯವಾಗಿ ಸಂಜೆ 5.30ಕ್ಕೆ ಶುರು, ಮುಕ್ಕಾಲು ಗಂಟೆಯಿಂದ ಒಂದು ಗಂಟೆ. ಐದಕ್ಕೆ ಮುಂಚೆಯೇ ಸಾಲಿನಲ್ಲಿರಿ. ತಡವಾದರೆ ಆರ್ಗನ್ ಕೂತಿರುವ ಮರದ ಅಡ್ಡಗೋಡೆಯ ಈಚೆ ಜಾಗ ಸಿಗಬಹುದು. ಅಲ್ಲಿ ನಾದ ತೇಲಿ ಬರುತ್ತದೆ, ಮಾತು ಬರುವುದಿಲ್ಲ.

ಹೊರಡುವ ಮುಂಚೆ ಚಾಪೆಲ್‌ನ ಜಾಲತಾಣದಲ್ಲಿ ಆ ದಿನದ ಪಟ್ಟಿ ನೋಡಿ. ಮೊದಲು, ಯಾರು ಹಾಡುತ್ತಾರೆ ಎಂಬುದು. ಮುಖ್ಯ ಕ್ವಾಯರ್ ಎಂದರೆ 16 ಹುಡುಗರು, ಜೊತೆಗೆ ಕೆಳಗಿನ ಮೂರು ಧ್ವನಿಗಳಿಗೆ ಕಾಲೇಜಿನ ವಿದ್ಯಾರ್ಥಿಗಳು. ಕೆಲವು ದಿನ ಹುಡುಗರಿಲ್ಲದೆ ದೊಡ್ಡವರ ಧ್ವನಿ ಮಾತ್ರ ಇರುತ್ತದೆ, ಕೆಲವು ದಿನ ಬೇರೆಯದೇ ತಂಡ. ಆಮೇಲೆ ಪಟ್ಟಿಯ ಸಾಲುಗಳು. "ರೋಸ್, ಕೀರ್ತನೆ 93, 94, ಸ್ಟ್ಯಾನ್‌ಫರ್ಡ್ ಇನ್ ಜಿ" ಎಂದಿದ್ದರೆ ಹೀಗೆ ಓದಿಕೊಳ್ಳಿ: ಪಾದ್ರಿಗೂ ಕ್ವಾಯರಿಗೂ ನಡೆಯುವ ಸವಾಲ್-ಜವಾಬು ಬರ್ನಾರ್ಡ್ ರೋಸ್ ರಚಿಸಿದ್ದು, ಕೀರ್ತನೆ 93, 94 ಎಂದರೆ ಅಂದು ತಿಂಗಳ 18 (1662ರ ಪ್ರಾರ್ಥನಾ ಪುಸ್ತಕ ಬೈಬಲಿನ 150 ಕೀರ್ತನೆಗಳನ್ನು ತಿಂಗಳ 30 ದಿನಕ್ಕೆ, ಬೆಳಿಗ್ಗೆ-ಸಂಜೆಗೆ ಹಂಚಿದೆ), ಎರಡು ಸ್ತೋತ್ರಗಳಿಗೆ ಸಂಯೋಜಕ ಸ್ಟ್ಯಾನ್‌ಫರ್ಡ್ ಜಿ ಶ್ರುತಿಯಲ್ಲಿ ಹಾಕಿದ ಮಟ್ಟು.

ಆ ಎರಡು ಸ್ತೋತ್ರಗಳೇ ಮ್ಯಾಗ್ನಿಫಿಕಾಟ್ ಮತ್ತು ನುಂಕ್ ಡಿಮಿಟಿಸ್. ಹೆಸರು ಲ್ಯಾಟಿನ್, ಹಾಡುವುದು ಸಾಮಾನ್ಯವಾಗಿ ಇಂಗ್ಲಿಷ್. ಲೂಕನ ಸುವಾರ್ತೆಯಲ್ಲಿ 1:46–55 ಮತ್ತು 2:29–32 ಇವನ್ನು ಕನ್ನಡ ಬೈಬಲಿನಲ್ಲೇ ಓದಿಕೊಂಡು ಹೋಗಿ, ಐದು ನಿಮಿಷದ ಕೆಲಸ. ಒಂದೇ ಸಾಹಿತ್ಯ ದಿನಾ ಬರುತ್ತದೆ, ವರ್ಣಮಟ್ಟುಗಳು ನೂರಾರು. ಸ್ಟ್ಯಾನ್‌ಫರ್ಡನ ಈ ಮಟ್ಟಿನಲ್ಲಿ ಮರಿಯಳ ಹಾಡನ್ನು (ಅದೇ ಮ್ಯಾಗ್ನಿಫಿಕಾಟ್) ಒಬ್ಬ ಹುಡುಗ ಎತ್ತಿಕೊಳ್ಳುತ್ತಾನೆ, ಕೆಳಗೆ ಆರ್ಗನ್ ನೂಲುವ ರಾಟೆಯ ಹಾಗೆ ಸುತ್ತುತ್ತಿರುತ್ತದೆ. ಮುದುಕ ಸಿಮೆಯೋನನ ಹಾಡು (ನುಂಕ್ ಡಿಮಿಟಿಸ್) ಬರುವಾಗ ಅದೇ ಜಾಗದಲ್ಲಿ ಮಂದ್ರದ ಗಂಡಸಿನ ಧ್ವನಿ. ಪಟ್ಟಿಯಲ್ಲಿ ಇದೇ ಸ್ತೋತ್ರಗಳಿಗೆ ಸಂಯೋಜಕ ಹೊವೆಲ್ಸ್ ಹಾಕಿದ ಮಟ್ಟು "ಕೊಲೀಜಿಯಂ ರೆಗಾಲೆ" ಇದ್ದರಂತೂ ಬೇರೆ ಕಾರ್ಯಕ್ರಮ ಮುಂದೂಡಿ. 1945ರಲ್ಲಿ ಇದೇ ಚಾಪೆಲ್‌ಗೆಂದು ಬರೆದದ್ದು.

ಆದರೆ ಕ್ವಾಯರಿನ ಕಸುಬು ತಿಳಿಯುವುದು ಇಲ್ಲೆಲ್ಲೂ ಅಲ್ಲ, ಕೀರ್ತನೆಗಳಲ್ಲಿ. ಹೊಸಬರು ಬೇಸರಪಡುವುದೂ ಅಲ್ಲೇ. ಕೀರ್ತನೆ ಹಾಡುವ ಮಟ್ಟಿಗೆ ಚಾಂಟ್ ಎನ್ನುತ್ತಾರೆ. ಒಂದು ಚಾಂಟ್‌ನಲ್ಲಿ ಇರುವುದು ಹತ್ತೇ ಸ್ವರಗುಚ್ಛ (ಹಲವು ಸ್ವರ ಒಟ್ಟಿಗೆ ಮೊಳಗುವುದು): ವಚನದ, ಅಂದರೆ ಕೀರ್ತನೆಯ ಒಂದು ಸಾಲಿನ, ಮೊದಲರ್ಧಕ್ಕೆ ನಾಲ್ಕು, ಎರಡನೆಯದಕ್ಕೆ ಆರು. ಜೋಡಿ ಚಾಂಟ್ ಆದರೆ ಇಪ್ಪತ್ತು, ಎರಡು ವಚನಕ್ಕೆ. ಐದು ಪದದ ಸಾಲೂ ಹದಿನೈದು ಪದದ ಸಾಲೂ ಅಷ್ಟರಲ್ಲೇ ಹಿಡಿಸುವುದು ಹೇಗೆ? ಪ್ರತಿ ಅರ್ಧದ ಮೊದಲ ಸ್ವರಗುಚ್ಛ ಎಷ್ಟು ಬೇಕಾದರೂ ಹಿಗ್ಗುತ್ತದೆ. ಹೆಚ್ಚಿನ ಮಾತೆಲ್ಲ ಅದರ ಮೇಲೆ ನಡೆದು, ಕೊನೆಯ ಕೆಲವು ಅಕ್ಷರಗಳಿಗೆ ಸ್ವರ ಬದಲಾಗುತ್ತದೆ. ತಾಳ ಹಾಕಲು ಹೋಗಬೇಡಿ, ತಾಳ ಇಲ್ಲ. ಗಮಕ ವಾಚನ ಕೇಳಿದ್ದರೆ ಹತ್ತಿರದ ಅಂದಾಜು ಸಿಗುತ್ತದೆ: ಅಲ್ಲೂ ಅರ್ಥವೇ ಮುಂದೆ, ರಾಗ ಹಿಂದೆ. ಗಮಕಿಗೆ ಇರುವ ಸ್ವಾತಂತ್ರ್ಯ ಮಾತ್ರ ಇಲ್ಲಿಲ್ಲ, ಇಷ್ಟೂ ಜನ ಒಂದೇ ಬಾಯಾಗಬೇಕು.

ಕೆಡುವುದು ಎರಡು ಕಡೆ. ಹಿಗ್ಗುವ ಸ್ವರದ ಮೇಲೆ ಗಡಿಬಿಡಿಯಲ್ಲಿ ಮಾತು ಸುರಿದು, ಸ್ವರ ಬದಲಾಗುವ ಹೊತ್ತಿಗೆ ಧಡ್ ಎಂದು ನಿಂತು ನಿಧಾನವಾಗುವುದು ಒಂದು. ಒಳ್ಳೆಯ ಕ್ವಾಯರಿನಲ್ಲಿ ಆ ಕೀಲು ಕೇಳಿಸುವುದೇ ಇಲ್ಲ. ಇನ್ನೊಂದು, ಎದುರುಬದುರು ಕೂತ ಎರಡು ಸಾಲುಗಳು, ಡೆಕಾನೈ ಮತ್ತು ಕ್ಯಾಂಟೋರಿಸ್, ವಚನ ಬದಲಾಯಿಸಿಕೊಳ್ಳುವಾಗ ಬೀಳುವ ಸಂದು. ವಚನದ ನಡುವಿನ ತಡೆಯಲ್ಲಿ ಎಲ್ಲರೂ ಒಟ್ಟಿಗೆ ಉಸಿರು ತೆಗೆದುಕೊಂಡು ಒಟ್ಟಿಗೆ ಎತ್ತಿದರೆ ನೀವು ಒಳ್ಳೆಯ ದಿನ ಬಂದಿದ್ದೀರಿ ಎಂದರ್ಥ. ತಿಂಗಳ 15ರ ಸಂಜೆ ಬರುವುದು 78ನೆಯ ಕೀರ್ತನೆ, 70ಕ್ಕೂ ಹೆಚ್ಚು ವಚನ. ಹಲವು ಕಡೆ ಕತ್ತರಿಸುತ್ತಾರೆ. ಪೂರ್ತಿ ಹಾಡುವ ಕಡೆ ಮೊದಲ ಸಲವೇ ಬೇಡ.

ಏಳುವುದು ಕೂರುವುದು ಮುಂದಿನವರನ್ನು ನೋಡಿ ಮಾಡಿ. ವಿಶ್ವಾಸಪ್ರಮಾಣ ಹೇಳುವಾಗ ಎಲ್ಲರೂ ಪೂರ್ವಕ್ಕೆ ತಿರುಗಬಹುದು. ನೀವು ಸುಮ್ಮನೆ ನಿಂತರೆ ಸಾಕು, ಹೇಳಬೇಕಿಲ್ಲ. ಫೋಟೊ, ರೆಕಾರ್ಡಿಂಗ್ ಕೂಡದು. ಚಪ್ಪಾಳೆ ಖಂಡಿತ ಬೇಡ, ಕೊನೆಯ ಸ್ವರ ಚಾವಣಿಯಲ್ಲಿ ಇನ್ನೂ ಸುಳಿದಾಡುತ್ತಿರುತ್ತದೆ. ಕ್ವಾಯರ್ ಹೊರಟ ಮೇಲೆ ಆರ್ಗನ್ ಒಂದು ಕೃತಿ ನುಡಿಸುತ್ತದೆ, ಅರ್ಧ ಜನ ಮಾತಾಡುತ್ತಾ ಎದ್ದು ಹೋಗುತ್ತಾರೆ. ನೀವು ಕೂತಿರಿ.