ಹಡಗು ಹತ್ತಿದವರ ಹಾಡಿನಲ್ಲಿ ಕೈಬೀಸುವ ತಾಯಿ ಬೇಕೇ?

ಕಲ್ಕತ್ತಾದಿಂದ ಫಿಜಿಗೆ ಹೋದ ಗಿರ್ಮಿಟಿಯಾಗಳ, ಅಂದರೆ ಕರಾರಿನ ಮೇಲೆ ದುಡಿಯಲು ಹೋದ ಕೂಲಿಗಳ ಮೇಲೆ ಹಾಡು ಬರೆಯುತ್ತಿದ್ದೀರಿ, ದಡದಲ್ಲಿ ಅಳುತ್ತಾ ಕೈಬೀಸುವ ತಾಯಿಯ ಪಲ್ಲವಿಯಾದ ಮೇಲೆ ಚರಣವೇ ಹುಟ್ಟುತ್ತಿಲ್ಲ ಎಂದು ಕೇಳಿದ್ದೀರಿ. ಇದೇ ವಸ್ತುವಿನ ಮೇಲೆ ನಾನೂ ಒಂದು ಹಾಡು ಕಟ್ಟಿದ್ದರಿಂದ ಹೇಳುತ್ತೇನೆ: ಆ ತಾಯಿಯನ್ನು ಮೊದಲು ಮನೆಗೆ ಕಳುಹಿಸಿ.

ದಡದಲ್ಲಿ ಬೀಳ್ಕೊಡಲು ಬಂದವರು ಎಷ್ಟು ಮಂದಿ? ಹೊರಟವರಲ್ಲಿ ಬಹುಪಾಲು ಬಿಹಾರದವರು, ಇಂದಿನ ಉತ್ತರ ಪ್ರದೇಶದ ಪೂರ್ವ ಜಿಲ್ಲೆಗಳವರು. ಊರು ನೂರಾರು ಮೈಲಿ ದೂರ. ಅರ್ಕಾಟಿ ಎಂಬ ದಲ್ಲಾಳಿಯ ಮಾತು ನಂಬಿ ಮನೆಯಲ್ಲಿ ಹೇಳದೆಯೇ ಬಂದವರು ಅದೆಷ್ಟೋ. ಹೂಗ್ಲಿ ದಂಡೆಯ ಡಿಪೋದಲ್ಲಿ ಹಡಗಿಗಾಗಿ ಕಾಯುವಾಗ ಪಕ್ಕದಲ್ಲಿದ್ದವನೇ ನೆಂಟ. ಮುಂದೆ ಅವನೇ ‘ಜಹಾಜಿ ಭಾಯಿ’, ಹಡಗಿನ ಅಣ್ಣತಮ್ಮ.

ನನಗೆ ಚರಣ ಸಿಕ್ಕಿದ್ದು ಅವರ ವಲಸೆ ಪಾಸಿನಲ್ಲಿ. ಹೆಸರು, ತಂದೆಯ ಹೆಸರು, ವಯಸ್ಸು, ಜಾತಿ, ಜಿಲ್ಲೆ, ಠಾಣೆ, ಹಳ್ಳಿ, ಎತ್ತರ, ಕೊನೆಗೆ ಮೈಮೇಲಿನ ಗುರುತು. ಕಾಲಿನ ಹಳೆಯ ಗಾಯವೂ ಸರ್ಕಾರಿ ದಾಖಲೆ! ಅದನ್ನೇ ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ನಡೆಯಲ್ಲಿ ಕೂರಿಸಿದೆ:

ಹೆಸರು ಬರೆದರು ಊರು ಬರೆದರು
ಕಾಲ ಗಾಯವ ಕೂಡ ಬರೆದರು
ಯಾರು ಅತ್ತರು ಏಕೆ ಹೊರಟೆನು
ಕಾಗದಕೆ ಅದು ಬೇಡವಾಯಿತು

ಹಾಡುವವಳು ಹೆಣ್ಣಾಗಿರಲಿ ಎಂಬುದು ನನ್ನ ಹಟ. ಪ್ರತಿ 100 ಗಂಡಸರಿಗೆ 40 ಹೆಂಗಸರು ಇರಲೇಬೇಕೆಂಬ ನಿಯಮವಿತ್ತು. ಅವರಲ್ಲಿ ಒಂಟಿಯಾಗಿ ಹೊರಟ ವಿಧವೆಯರೂ ಇದ್ದರು, ಗಂಡನ ಮನೆ ಬಿಟ್ಟವರೂ ಇದ್ದರು. ಪರದೇಶಕ್ಕೆ ಹೋದ ಗಂಡನಿಗಾಗಿ ಹೆಂಡತಿ ಹಂಬಲಿಸುವ ಭೋಜಪುರಿ ‘ಬಿದೇಸಿಯಾ’ ಹಾಡುಗಳು ಬೇಕಾದಷ್ಟಿವೆ. ತಾನೇ ಹಡಗು ಹತ್ತಿದವಳ ಪಾಡು ಬೇರೆ. ಅವಳು ಏಕೆ ಬಂದಳೆಂದು ಹಾಡು ಬಾಯಿ ಬಿಡದಿದ್ದರೂ ನಡೆಯುತ್ತದೆ.

1879ರಲ್ಲಿ ಫಿಜಿಗೆ ಮೊದಲ ತಂಡ ಒಯ್ದ ‘ಲಿಯೋನಿಡಾಸ್’ ಹಡಗಿನಿಂದ 1916ರ ತನಕ ಅಲ್ಲಿಗೆ ಹೋದವರು 60,000ಕ್ಕೂ ಹೆಚ್ಚು. ಈ ಅಂಕಿಗಳನ್ನು ಹಾಡಿಗೆ ತುರುಕಬೇಡಿ, ವೇದಿಕೆಯಲ್ಲಿ ಮುನ್ನುಡಿಯಾಗಿ ಹೇಳಿದರೆ ಸಾಕು. ದುಡಿಮೆಯ ಐದು ವರ್ಷದ ಕರಾರನ್ನು ಮಾತ್ರ ಎಲ್ಲಾದರೂ ತನ್ನಿ.

ಪಲ್ಲವಿಗೆ ನದಿ ಇದೆಯಲ್ಲ. ಕಲ್ಕತ್ತಾದಿಂದ ಹೊರಟ ಹಡಗಿಗೆ ಕಡಲು ಕೂಡಲೇ ಸಿಗುವುದಿಲ್ಲ. ಸಾಗರ ದ್ವೀಪದವರೆಗೆ ಹೂಗ್ಲಿಯಲ್ಲೇ ಇಳಿಯಬೇಕು. ದಾಟಿದರೆ ಜಾತಿ ಕೆಡುತ್ತದೆಂದು ಹೆದರುತ್ತಿದ್ದ ಕಡಲು, ಕಾಲಾಪಾನಿ, ಅದರಾಚೆ. ಆದ್ದರಿಂದ ಪಲ್ಲವಿ ಪ್ರತಿ ಸಲ ಬಂದಾಗ ದಂಡೆಯ ಒಂದೊಂದು ವಸ್ತುವನ್ನು ಕಡಿಮೆ ಮಾಡುತ್ತಾ ಹೋಗಿ: ಘಾಟು, ತೆಂಗು, ಕೆಸರು.

ವಾದ್ಯಕ್ಕೆ ಪಿಟೀಲು ಬೇಡ, ಡೋಲಕ್ ಇಡಿ. ಹಡಗಿನ ಮೇಲೂ ಹಾಡು, ಡೋಲು ಬಡಿತ ನಡೆಯುತ್ತಿತ್ತು. ಹಡಗಿನ ವೈದ್ಯರೇ ಅದಕ್ಕೆ ಉತ್ತೇಜನ ಕೊಡುತ್ತಿದ್ದರು.